ಐದು ತುಂಬಿದ ಕೂಡಲೇ ಮಗ ಅಪ್ಪನ ಪಾಲಾಗುವುದಿಲ್ಲ

ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಮಕ್ಕಳದ್ದೇ ಚಿಂತೆ. ‘ಮಗು ಯಾರಿಗೆ ಸಿಗುತ್ತೆ?’ ಅಂತ ಎಲ್ಲರೂ ಕೇಳಿದ್ದೀರಿ. ಇಪ್ಪತ್ತಾರು ವರ್ಷದಿಂದ ದಾವಣಗೆರೆಯಲ್ಲಿ ವಕೀಲಿಕೆ ಮಾಡುತ್ತಿದ್ದೇನೆ. ಆ ‘ಸಿಗುತ್ತೆ’ ಅನ್ನುವ ಮಾತು ಕೇಳಿದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ. ಹೊಲ ಪಾಲಾದ ಹಾಗೆ ಮಗು ಪಾಲಾಗುವುದಿಲ್ಲ. ಕೋರ್ಟ್ ನೋಡುವುದು ಮಗು ಎಲ್ಲಿ ಚೆನ್ನಾಗಿರುತ್ತದೆ ಅನ್ನುವುದನ್ನು. ಕೆಳಗಿನ ಉತ್ತರಗಳನ್ನು ಓದುವಾಗ ಇದೊಂದು ನೆನಪಿರಲಿ.

ಪ್ರಶ್ನೆ: ನಮಸ್ಕಾರ ಅಕ್ಕಾ. ನನ್ನ ಮಗನಿಗೆ ಬರುವ ಯುಗಾದಿಗೆ ಐದು ತುಂಬುತ್ತದೆ. ಗಂಡ ಕುಡಿದು ಹೊಡೆಯುತ್ತಿದ್ದರು. ಎರಡು ವರ್ಷದಿಂದ ತವರಿನಲ್ಲಿದ್ದೇನೆ. ಹೋದ ವರ್ಷ ಹಿರಿಯರು ಕೂಡಿ ನೂರು ರೂಪಾಯಿ ಬಾಂಡ್ ಮೇಲೆ ಸೋಡಚೀಟಿ, ಅಂದರೆ ಮದುವೆ ಬಿಟ್ಟ ಚೀಟಿ, ಬರೆಸಿದರು. ‘ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ. ಹೆಂಡತಿ ಜೀವನಾಂಶ ಕೇಳುವುದಿಲ್ಲ. ಮಗ ಐದು ವರ್ಷದ ತನಕ ತಾಯಿ ಹತ್ತಿರ, ಆಮೇಲೆ ತಂದೆಗೆ’ ಅಂತ ಅದರಲ್ಲಿದೆ. ನೋಟರಿ ಸೀಲೂ ಬಿದ್ದಿದೆ. ನಾನು ಬೀಜದ ಪ್ಲಾಟಿಗೆ ಕೂಲಿಗೆ ಹೋಗುತ್ತೇನೆ. ಅವರಿಗೆ ಆರು ಎಕರೆ ನೀರಾವರಿ ಇದೆ. ಆಸ್ತಿ ಇದ್ದವರಿಗೇ ಕೋರ್ಟಿನವರು ಮಗುವನ್ನು ಕೊಡುತ್ತಾರೆ ಅಂತ ಊರವರು ಹೇಳುತ್ತಾರೆ. ಮಗನನ್ನು ಬಿಟ್ಟು ನಾನು ಇರಲಾರೆ.
— ಹೆಸರು ಬೇಡ, ರಾಣೆಬೆನ್ನೂರು ತಾಲ್ಲೂಕು

ಉತ್ತರ: ತಂಗಿ, ಮೊದಲು ಯುಗಾದಿಯ ಭಯ ಬಿಡಿ. ಐದು ವರ್ಷದ ಮಾತು ಕಾನೂನಿನಲ್ಲಿ ಇದೆ, ಆದರೆ ಹಿರಿಯರು ಅದನ್ನು ತಿರುವುಮುರುವು ಮಾಡಿದ್ದಾರೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲಕತ್ವ ಕಾಯ್ದೆಯ 6ನೇ ಕಲಮು, ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು ಅನ್ನುತ್ತದೆ. ಐದು ತುಂಬಿದ ಮರುದಿನ ತಂದೆಗೆ ಒಪ್ಪಿಸಬೇಕು ಅಂತ ಎಲ್ಲೂ ಬರೆದಿಲ್ಲ. ಅದೇ ಕಾಯ್ದೆಯ 13ನೇ ಕಲಮಿನ ಪ್ರಕಾರ ಮಗುವಿನ ಹಿತವೇ ಎಲ್ಲಕ್ಕಿಂತ ದೊಡ್ಡದು. ಮಗುವಿಗೆ ಐದಾಗಲಿ, ಹತ್ತಾಗಲಿ, ಅಳತೆಗೋಲು ಅದೇ.

ಇನ್ನು ಸೋಡಚೀಟಿ. ನೂರು ರೂಪಾಯಿ ಕಾಗದಕ್ಕೂ ನೋಟರಿ ಸೀಲಿಗೂ ಮದುವೆ ಮುರಿಯುವ ಶಕ್ತಿ ಇಲ್ಲ. ಡೈವೋರ್ಸ್ ಕೊಡುವುದು ಕೋರ್ಟ್. ನಿಮ್ಮ ಸಮುದಾಯದಲ್ಲಿ ತಲೆತಲಾಂತರದಿಂದ ಈ ರೂಢಿ ಇದ್ದರೆ 1955ರ ಹಿಂದೂ ವಿವಾಹ ಕಾಯ್ದೆಯ 29ನೇ ಕಲಮು ಅದನ್ನು ಒಪ್ಪುತ್ತದೆ ನಿಜ. ಆದರೆ ಅಂಥ ರೂಢಿ ಇದೆ ಅಂತ ಸಾಕ್ಷಿ ಇಟ್ಟು ತೋರಿಸಬೇಕು. ಅದು ಸುಲಭವಲ್ಲ. ಹಾಗೆ ತೋರಿಸಲು ಆಗದಿದ್ದರೆ ನೀವಿಬ್ಬರೂ ಇವತ್ತಿಗೂ ಗಂಡ ಹೆಂಡತಿಯೇ. ಈ ಚೀಟಿ ನಂಬಿ ಇಬ್ಬರಲ್ಲಿ ಯಾರು ಇನ್ನೊಂದು ಮದುವೆ ಮಾಡಿಕೊಂಡರೂ ಅದು ಊರ್ಜಿತವಾಗುವುದಿಲ್ಲ. ಚೀಟಿ ಹಿಡಿದುಕೊಂಡು ಎರಡನೇ ಮದುವೆಗೆ ಹೋದ ಹೆಣ್ಣುಮಕ್ಕಳು, ಆ ಗಂಡ ತೀರಿಕೊಂಡ ಮೇಲೆ ಪಿಂಚಣಿಗೂ ಇಲ್ಲ, ಆಸ್ತಿಗೂ ಇಲ್ಲ ಅಂತಾಗಿ ನನ್ನ ಆಫೀಸಿನ ಬೆಂಚಿನ ಮೇಲೆ ಅಳುತ್ತ ಕೂತಿದ್ದನ್ನು ಕಂಡಿದ್ದೇನೆ. ಚೀಟಿ ಬರೆಸಿದ ಹಿರಿಯರಲ್ಲಿ ಒಬ್ಬರೂ ಆ ಹೊತ್ತಿಗೆ ಜೊತೆಗೆ ಬರಲಿಲ್ಲ.

ಚೀಟಿಯ ಒಂದು ಸಾಲು ಮಾತ್ರ ನನಗೆ ಚಿಂತೆ ತಂದಿದೆ. ‘ಇಬ್ಬರೂ ಒಪ್ಪಿ ಬೇರೆಯಾಗಿದ್ದೇವೆ’ ಅನ್ನುವುದು. ಇಬ್ಬರೂ ಒಪ್ಪಿ ಬೇರೆ ಇದ್ದರೆ ಹೆಂಡತಿಗೆ ಜೀವನಾಂಶವಿಲ್ಲ ಅಂತ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿ ಒಂದು ಮಾತಿದೆ. ಮೊದಲು ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 125 ಅನ್ನುತ್ತಿದ್ದೆವಲ್ಲ, ಈಗ ಅದೇ 144. ಗಂಡನ ವಕೀಲರು ಖಂಡಿತ ಈ ಸಾಲನ್ನು ಓದಿ ಹೇಳುತ್ತಾರೆ. ನೀವು ಮನೆ ಬಿಟ್ಟಿದ್ದು ಒಪ್ಪಿಯಲ್ಲ, ಪೆಟ್ಟು ತಾಳಲಾರದೆ. ಅದಕ್ಕೆ ಏನೇನು ಗುರುತು ಇದೆಯೋ ಈಗಲೇ ಕೂಡಿಸಿ. ಆಸ್ಪತ್ರೆ ಚೀಟಿ, ಫೋನಿನಲ್ಲಿ ಉಳಿದಿರುವ ಮೆಸೇಜು, ಆವತ್ತು ರಾತ್ರಿ ನಿಮ್ಮನ್ನು ಒಳಗೆ ಕರೆದುಕೊಂಡ ನೆರೆಮನೆಯವರ ಮಾತು. ನಿಮ್ಮ ಜೀವನಾಂಶದ ಮೇಲೆ ತಕರಾರು ಬರಬಹುದು. ಮಗನ ಜೀವನಾಂಶವನ್ನು ಬಿಟ್ಟುಕೊಡುವ ಅಧಿಕಾರ ಮಾತ್ರ ನಿಮಗೂ ಇಲ್ಲ, ಹಿರಿಯರಿಗೂ ಇಲ್ಲ. ಅದು ಅವನದು.

ಆಸ್ತಿಯ ಮಾತು ಸುಳ್ಳು. ಎಕರೆ ಲೆಕ್ಕ ಹಾಕಿ ಮಗುವನ್ನು ಕೊಡುವುದಾದರೆ ಬಡ ತಾಯಿಯ ಹತ್ತಿರ ಒಂದು ಮಗುವೂ ಉಳಿಯುತ್ತಿರಲಿಲ್ಲ. ತಂದೆಗೆ ನೀರಾವರಿ ಇದ್ದರೆ ಅದರ ಆದಾಯದಲ್ಲಿ ಮಗನ ಖರ್ಚು ಕೊಡಲಿ. ಮಕ್ಕಳು ತಂದೆತಾಯಿಯ ಸೊತ್ತೂ ಅಲ್ಲ, ಆಟದ ಸಾಮಾನೂ ಅಲ್ಲ ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ.

ನ್ಯಾಯಾಧೀಶರು ಕೇಳುವುದು ಬಹಳ ಸಣ್ಣ ಸಣ್ಣ ವಿಷಯ. ಜ್ವರ ಬಂದಾಗ ರಾತ್ರಿ ಎದ್ದು ಕೂರುವವರು ಯಾರು? ಅಂಗನವಾಡಿಗೆ ಬಿಡುವವರು ಯಾರು? ನೀವು ಕೂಲಿಗೆ ಹೋದಾಗ ಮಗು ಯಾರ ಹತ್ತಿರ ಇರುತ್ತದೆ? ನಾನು ಮೀಡಿಯೇಷನ್‌ಗೆ, ಅಂದರೆ ರಾಜಿ ಮಾತುಕತೆಗೆ, ಕೂರುತ್ತಿದ್ದಾಗ ಒಂದು ಜೋಡಿಗೆ, ‘ಮಗಳ ಟೀಚರ್ ಹೆಸರೇನು?’ ಅಂತ ಕೇಳಿದ್ದೆ. ಇಬ್ಬರಿಗೂ ಗೊತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅಜ್ಜಿ ಹೇಳಿದರು. ಆವತ್ತಿನಿಂದ ಮಾತುಕತೆಯ ದಾರಿಯೇ ಬದಲಾಯಿತು. ನೀವು ತಾಯಿ ಕಾರ್ಡು, ಲಸಿಕೆ ಹಾಕಿಸಿದ ದಾಖಲೆ, ಅಂಗನವಾಡಿಯ ಹಾಜರಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಡಿ. ಆರು ಎಕರೆಗಿಂತ ಆ ಚೀಲ ಜಾಸ್ತಿ ಮಾತಾಡುತ್ತದೆ.

ಈಗ ಮಾಡಬೇಕಾದ್ದು. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರು ಉಚಿತ. ಸುಮ್ನೆ ಯಾರಿಗೋ ಸಾಲ ಮಾಡಿ ಫೀಸು ಕೊಡಬೇಡಿ. ದಾರಿ ತಿಳಿಯದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರ ಮುಂದೆ ಒಂದೇ ಅರ್ಜಿ ಹಾಕಿ ರಕ್ಷಣೆ, ಖರ್ಚು, ಮಗನ ತಾತ್ಕಾಲಿಕ ಸುಪರ್ದಿ ಮೂರನ್ನೂ ಕೇಳಬಹುದು. ನೀವು ಈಗ ಇರುವ ಊರಿನಲ್ಲೇ ಹಾಕಬಹುದು, ಗಂಡನ ಊರಿಗೆ ಅಲೆಯಬೇಕಿಲ್ಲ. ಅವರು ಮಗನಿಗಾಗಿ ಕೇಸು ಹಾಕುವುದಾದರೂ ಮಗ ಸಾಮಾನ್ಯವಾಗಿ ವಾಸ ಇರುವ ಊರಿನ ಕೋರ್ಟಿಗೇ ಬರಬೇಕು. ಯುಗಾದಿ ದಿನ ಬಂದು ಎತ್ತಿಕೊಂಡು ಹೋದರೆ ತಡ ಮಾಡಬೇಡಿ. ಪೊಲೀಸರಿಗೂ ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಯ, ಅಂದರೆ ಮಗುವನ್ನು ಕೋರ್ಟಿನ ಮುಂದೆ ತಂದು ಹಾಜರುಪಡಿಸಿ ಅಂತ ಕೇಳುವ ಅರ್ಜಿಯ, ದಾರಿಯೂ ಇದೆ.

ಒಂದು ಮಾತು ಮಾತ್ರ ಕೇಳಿ ತಂಗಿ. ತಂದೆ ಕುಡಿಯದೆ ಬಂದು ಮಗನನ್ನು ನೋಡಬೇಕು ಅಂದರೆ, ನಿಮ್ಮ ಮನೆಯ ಹಿರಿಯರೊಬ್ಬರ ಎದುರಿಗೆ ನೋಡಲಿ ಬಿಡಿ. ಕೋರ್ಟಿಗಾಗಿ ಅಲ್ಲ, ಮಗನಿಗಾಗಿ.

ಪ್ರಶ್ನೆ: ಮೇಡಂ, ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮಗಳಿಗೆ ಎಂಟು ವರ್ಷ, ತಾಯಿಯ ಜೊತೆ ಇದ್ದಾಳೆ. ತಿಂಗಳಿಗೆ ಎರಡು ಶನಿವಾರ ಮೂರು ಗಂಟೆ ನೋಡಬಹುದು ಅಂತ ಆದೇಶ ಇದೆ. ನಾಲ್ಕು ತಿಂಗಳಿಂದ ಒಂದಲ್ಲ ಒಂದು ನೆಪ. ಹುಷಾರಿಲ್ಲ, ಪರೀಕ್ಷೆ, ಅವಳೇ ಬರಲ್ಲ ಅನ್ನುತ್ತಾಳೆ. ಬಂದ ದಿನವೂ ಮಗಳು ನನ್ನ ಮುಖ ನೋಡುವುದಿಲ್ಲ. ತಿಂಗಳಿಗೆ 15,000 ಕೊಡುತ್ತಿದ್ದೇನೆ. ಮಗಳನ್ನು ತೋರಿಸುವ ತನಕ ಹಣ ನಿಲ್ಲಿಸಲಾ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ನಿಲ್ಲಿಸಬೇಡಿ. ಭೇಟಿಯ ಆದೇಶ ಬೇರೆ, ಜೀವನಾಂಶದ ಆದೇಶ ಬೇರೆ. ಒಂದನ್ನು ಅವರು ಮುರಿದರೆ ಇನ್ನೊಂದನ್ನು ನೀವು ಮುರಿಯುವ ಹಾಗಿಲ್ಲ. ಬಾಕಿ ವಸೂಲಿಗೆ ಅರ್ಜಿ ಬೀಳುತ್ತದೆ, ವಾರಂಟ್ ಬರಬಹುದು. ಅದಕ್ಕಿಂತ ಹೆಚ್ಚಾಗಿ, ಮಗಳ ಸ್ಕೂಲ್ ಫೀಸು ತಪ್ಪಿದ ದಿನ ಅವಳ ಮನಸ್ಸಿನಲ್ಲಿ ಉಳಿಯುವುದು ‘ಅಪ್ಪ ಕೊಡಲಿಲ್ಲ’ ಅನ್ನುವುದು ಮಾತ್ರ.

ತಪ್ಪಿದ ಪ್ರತಿ ಶನಿವಾರದ ತಾರೀಕು, ಹೇಳಿದ ಕಾರಣ, ಮೆಸೇಜು ಎಲ್ಲ ಬರೆದಿಡಿ. ಹೋಗಬೇಕಾದ ಜಾಗಕ್ಕೆ ನೀವು ಮಾತ್ರ ತಪ್ಪದೆ ಹೋಗಿ. ಆಮೇಲೆ ಅದೇ ಕೋರ್ಟಿನಲ್ಲಿ ಆದೇಶ ಜಾರಿಗೆ ಅರ್ಜಿ ಹಾಕಿ. ಜೊತೆಗೆ ವಾರಕ್ಕೆರಡು ಸಲ ವಿಡಿಯೋ ಕಾಲ್ ಕೇಳಿ. ಎರಡೂ ಕಡೆಯ ಪ್ರೀತಿ ಮಗುವಿನ ಹಕ್ಕು, ಭೇಟಿ ಸಾಧ್ಯವಿಲ್ಲದಾಗ ಫೋನ್, ವಿಡಿಯೋ ಮೂಲಕ ಸಂಪರ್ಕ ಇರಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ. ಮಗಳು ನಿಜವಾಗಿ ಏನು ಬಯಸುತ್ತಾಳೆ ಅಂತ ನ್ಯಾಯಾಧೀಶರು ಅವಳನ್ನು ಛೇಂಬರಿಗೆ ಕರೆದು ಮಾತಾಡಿಸಬಹುದು. ಆಪ್ತಸಮಾಲೋಚಕರ ನೆರವನ್ನೂ ಕೇಳಿ. ಸುಪರ್ದಿಯ ಆದೇಶ ಕಲ್ಲಿನ ಮೇಲೆ ಕೊರೆದಿದ್ದಲ್ಲ. ಪರಿಸ್ಥಿತಿ ಬದಲಾದರೆ ಅದನ್ನೂ ಬದಲಾಯಿಸುತ್ತಾರೆ.

ಮಗಳು ಮುಖ ನೋಡುವುದಿಲ್ಲ ಅಂದಿರಲ್ಲ, ಅದನ್ನು ಓದಿ ಸಂಕಟವಾಯಿತು. ಅವಳ ತಾಯಿ ಏನೋ ಹೇಳಿಕೊಟ್ಟಿರಬಹುದು. ಅಥವಾ ನಿಮ್ಮ ಜೊತೆ ನಕ್ಕರೆ ಅಮ್ಮನಿಗೆ ಬೇಜಾರಾಗುತ್ತೆ ಅಂತ ಮಗುವೇ ಅಂದುಕೊಂಡಿರಬಹುದು. ಎಂಟು ವರ್ಷದ ಮಕ್ಕಳು ಹಾಗೆ ಲೆಕ್ಕ ಹಾಕುತ್ತವೆ. ಸಿಕ್ಕ ಮೂರು ಗಂಟೆಯಲ್ಲಿ ‘ಅಮ್ಮ ಏನಂದಳು?’ ಅಂತ ಒಂದೇ ಒಂದು ಸಲವೂ ಕೇಳಬೇಡಿ. ದುಬಾರಿ ಗೊಂಬೆಯೂ ಬೇಡ. ಅವಳು ಹೋಂವರ್ಕ್ ಮಾಡಿದರೆ ಪಕ್ಕದಲ್ಲಿ ಕೂತಿರಿ. ಮಾತಾಡದಿದ್ದರೂ ಕೂತಿರಿ. ಮೊದಲ ಕೆಲವು ಭೇಟಿ ಮೌನದಲ್ಲೇ ಕಳೆದು, ಆಮೇಲೆ ‘ಅಪ್ಪಾ, ಪೆನ್ಸಿಲ್ ಚೂಪು ಮಾಡಿಕೊಡು’ ಅಂತ ಶುರುವಾದ ಮಾತನ್ನು ನಾನು ಕೇಳಿದ್ದೇನೆ.

ಪ್ರಶ್ನೆ: ಗಂಡ ದುಬೈನಿಂದ ವಾಟ್ಸಾಪ್‌ನಲ್ಲಿ ಮೂರು ಸಲ ತಲಾಖ್ ಅಂತ ಕಳಿಸಿದ್ದಾರೆ. ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಅತ್ತೆ ಮನೆ ಬಿಡು ಅನ್ನುತ್ತಿದ್ದಾರೆ. ನನ್ನ ಮದುವೆ ಮುಗಿಯಿತಾ?
— ಒಬ್ಬ ತಾಯಿ, ಹೊಸಪೇಟೆ

ಉತ್ತರ: ಮುಗಿದಿಲ್ಲಮ್ಮ. ಒಂದೇ ಉಸಿರಿನ ಮೂರು ತಲಾಖ್ ನಡೆಯುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. 2019ರ ಕಾಯ್ದೆ ಅದನ್ನು ಅಪರಾಧವನ್ನಾಗಿಯೂ ಮಾಡಿತು. ಬಾಯಲ್ಲಿ ಹೇಳಿದರೂ ಫೋನಿನಲ್ಲಿ ಕಳಿಸಿದರೂ ಒಂದೇ, ಮೂರು ವರ್ಷದವರೆಗೆ ಜೈಲು. ಆ ಮೆಸೇಜನ್ನು ಅಳಿಸಬೇಡಿ. ಅದೇ ಕಾಯ್ದೆಯಲ್ಲಿ ನಿಮಗೂ ಮಕ್ಕಳಿಗೂ ಖರ್ಚಿನ ಹಣ ಕೇಳುವ ಹಕ್ಕು ಇದೆ, ಮಕ್ಕಳ ಸುಪರ್ದಿ ಕೇಳುವ ಹಕ್ಕೂ ಇದೆ. ಮೇಲೆ ಹೇಳಿದ ಜೀವನಾಂಶದ ಕಾನೂನು ಮುಸ್ಲಿಂ ಹೆಣ್ಣುಮಕ್ಕಳಿಗೂ ಅನ್ವಯಿಸುತ್ತದೆ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಸ್ಪಷ್ಟ ಮಾಡಿದೆ. ಅತ್ತೆ ಹೇಳಿದರು ಅಂತ ಮನೆಯಿಂದ ಹೊರಗೆ ಕಾಲಿಡಬೇಡಿ. ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕನ್ನು ಕೌಟುಂಬಿಕ ದೌರ್ಜನ್ಯ ಕಾಯ್ದೆ ಕೊಡುತ್ತದೆ, ಮನೆ ಯಾರ ಹೆಸರಿನಲ್ಲೇ ಇರಲಿ. ಹೆದರಿಸಿದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾನೂ ನನ್ನ ಹೆಂಡತಿಯೂ ಜಗಳವಿಲ್ಲದೆ ಬೇರೆಯಾಗಲು ತೀರ್ಮಾನಿಸಿದ್ದೇವೆ. ಎರಡು ವರ್ಷದಿಂದ ಬೇರೆ ಇದ್ದೇವೆ. ಆರು ವರ್ಷದ ಮಗ ಇದ್ದಾನೆ. ಕೋರ್ಟಿನಲ್ಲಿ ಎಷ್ಟು ದಿನ ಹಿಡಿಯುತ್ತದೆ?
— ಮೈಸೂರಿನ ಓದುಗರು

ಉತ್ತರ: ಪರಸ್ಪರ ಒಪ್ಪಿಗೆಯ ಅರ್ಜಿಗೆ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಇನ್ನೂ ಆರು ತಿಂಗಳು ಕಾಯಬೇಕು, ಅದು ಯೋಚನೆ ಮಾಡಲು ಕೊಟ್ಟ ಸಮಯ. ನೀವು ಒಂದೂವರೆ ವರ್ಷಕ್ಕಿಂತ ಜಾಸ್ತಿ ಬೇರೆ ಇದ್ದೀರಿ. ಮಗನ ವಿಷಯ, ಹಣದ ವಿಷಯ ಎಲ್ಲ ಇತ್ಯರ್ಥವಾಗಿದ್ದರೆ, ಒಂದಾಗಿಸುವ ಪ್ರಯತ್ನವೂ ಫಲ ಕೊಡದಿದ್ದರೆ, ಆ ಆರು ತಿಂಗಳನ್ನು ಬಿಟ್ಟುಕೊಡಿ ಅಂತ ಕೇಳಬಹುದು. 2017ರ ಅಮರ್‌ದೀಪ್ ಸಿಂಗ್ ತೀರ್ಪು ಅದಕ್ಕೆ ಆಧಾರ.

ದಿನಗಳಿಗಿಂತ ಒಪ್ಪಂದದ ಕಡೆ ಹೆಚ್ಚು ಗಮನ ಕೊಡಿ. ‘ತಂದೆ ಆಗಾಗ ಮಗನನ್ನು ನೋಡಬಹುದು’ ಅಂತ ಒಂದು ಸಾಲು ಬರೆದು ಸಹಿ ಹಾಕುತ್ತಾರೆ. ‘ಆಗಾಗ’ ಅಂದರೆ ಏನು ಅಂತ ಎರಡೇ ವರ್ಷದಲ್ಲಿ ಜಗಳ ಶುರುವಾಗುತ್ತದೆ, ಅಲ್ವಾ? ಯಾವ ಭಾನುವಾರ, ಎಷ್ಟು ಗಂಟೆಗೆ, ಕರೆದುಕೊಂಡು ಹೋಗುವವರು ಯಾರು, ವಾಪಸ್ ಬಿಡುವವರು ಯಾರು, ಎಲ್ಲ ಬರೆಯಿರಿ. ದಸರಾ ರಜೆ ಒಂದು ವರ್ಷ ತಾಯಿ ಜೊತೆ, ಮರುವರ್ಷ ತಂದೆ ಜೊತೆ. ಬೇಸಿಗೆ ರಜೆ ಅರ್ಧ ಅರ್ಧ. ಪಾಸ್‌ಪೋರ್ಟ್ ಯಾರ ಹತ್ತಿರ? ಆಪರೇಷನ್ ಬೇಕಾದರೆ ತೀರ್ಮಾನ ಯಾರದು? ಒಬ್ಬರಿಗೆ ಬೇರೆ ಊರಿಗೆ ವರ್ಗವಾದರೆ? ಮಗನ ಸ್ಕೂಲ್ ಫೀಸಿಗೆ ಕೊಡುವ ಹಣ ವರ್ಷಕ್ಕೆ ಎಷ್ಟು ಏರಿಸಬೇಕು? ವಕೀಲರು ಕರಡು ಕೊಟ್ಟ ಮೇಲೆ ನೀವಿಬ್ಬರೇ ಒಂದು ಮೇಜಿಗೆ ಕೂತು ಅದನ್ನು ಗಟ್ಟಿಯಾಗಿ ಓದಿಕೊಳ್ಳಿ. ಎಲ್ಲಿ ಇಬ್ಬರ ದನಿ ಏರುತ್ತದೋ ಆ ಸಾಲನ್ನು ಮತ್ತೆ ಬರೆಸಿ.