ಓದುಗರ ಪ್ರಶ್ನೆ, ನಮ್ಮ ಉತ್ತರ: ಆ ಕೆಂಪು ಪಟ್ಟಿ ಹದ್ದಿನದೋ, ಕಾರಿನದೋ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಬೇಟೆ ಹಕ್ಕಿಗಳ ಆವಾಸಯೋಗ್ಯತೆಯ ನಕ್ಷೆ ಮಾಡುತ್ತಿದ್ದೇನೆ. ಪಕ್ಷಿವೀಕ್ಷಕರು ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದ ದಾಖಲೆಗಳನ್ನು ಇಳಿಸಿಕೊಂಡು, ಯೋಗ್ಯ ಆವಾಸ ಊಹಿಸುವ ಮ್ಯಾಕ್ಸೆಂಟ್ ತಂತ್ರಾಂಶಕ್ಕೆ ಕೊಟ್ಟೆ. ಎಯುಸಿ (ಹಕ್ಕಿ ಕಂಡ ಜಾಗಗಳನ್ನು ಉಳಿದವುಗಳಿಂದ ನಕ್ಷೆ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ ಅಂಕ; 1 ಬಂದರೆ ಪೂರ್ಣ) 0.93 ಬಂತು, ಗೈಡ್ ಖುಷಿಯಾಗಿದ್ದಾರೆ. ಆದರೆ ಯಾವ ಪ್ರಭೇದದ ನಕ್ಷೆ ತೆಗೆದರೂ ಹೆದ್ದಾರಿಯುದ್ದಕ್ಕೂ ‘ಅತ್ಯಂತ ಯೋಗ್ಯ’ ಎಂದು ತೋರಿಸುವ ಕೆಂಪು ಪಟ್ಟಿ ಇದೆ. ಇದನ್ನು ನಂಬಬಹುದೇ?

ಉತ್ತರ: ನಂಬಬೇಡಿ. ಆ ಪಟ್ಟಿ ಹದ್ದುಗಳದ್ದಲ್ಲ, ಹದ್ದು ನೋಡಲು ಹೊರಟವರ ಕಾರುಗಳದ್ದು.

ಮ್ಯಾಕ್ಸೆಂಟ್ ಅನ್ನು 2006ರಲ್ಲಿ ಸ್ಟೀವನ್ ಫಿಲಿಪ್ಸ್, ರಾಬರ್ಟ್ ಆಂಡರ್ಸನ್, ರಾಬರ್ಟ್ ಶಪೈರ್ ಎಂಬ ಮೂವರು ಪರಿಚಯಿಸಿದರು. ಹಕ್ಕಿ ಕಂಡ ಜಾಗಗಳ ಪಟ್ಟಿಯೊಂದಿದ್ದರೆ ಅದಕ್ಕೆ ಸಾಕು. ಎಲ್ಲಿ ಇಲ್ಲ ಎಂದು ಹೇಳಬೇಕಾಗಿಲ್ಲ. ಕಂಡ ಜಾಗದ ಮಳೆ, ಉಷ್ಣಾಂಶ, ಇಳಿಜಾರು, ಹಸಿರನ್ನು ಸುತ್ತಲಿನ ಪ್ರದೇಶದಿಂದ ಅಡ್ಡಾದಿಡ್ಡಿ ಆರಿಸಿದ ಬಿಂದುಗಳ ಜೊತೆ ಹೋಲಿಸಿ, ವ್ಯತ್ಯಾಸ ಎಲ್ಲಿದೆ ಎಂದು ಹುಡುಕುತ್ತದೆ. ನಕ್ಷೆಯಲ್ಲಿ ಹಕ್ಕಿ ಇಲ್ಲದ ಚೌಕ, ಯಾರೂ ಕಾಲಿಡದ ಚೌಕ ಎರಡೂ ಅದಕ್ಕೆ ಒಂದೇ. ‘ರಸ್ತೆಯಿಂದ ದೂರ’ ಎಂಬ ಪದರವನ್ನೂ ನೀವು ಕೊಟ್ಟಿದ್ದರೆ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ.

ಇಂಥ ಪ್ರಬಂಧ ನನ್ನ ಕೈಗೆ ಬಂದರೆ ನಾನು ಮೊದಲು ತೆರೆಯುವುದು ಕಾಡಿನೊಳಗೆ ಬೇಟೆಯಾಡುವ ಹಕ್ಕಿಯ ನಕ್ಷೆಯನ್ನು. ಚಾಣ ತಂತಿಯ ಮೇಲೆ ಕೂತು ರಸ್ತೆಬದಿಯ ಹುಲ್ಲಿನಲ್ಲಿ ಇಲಿ ಹುಡುಕುತ್ತದೆ. ಅದಕ್ಕೆ ರಸ್ತೆ ಇಷ್ಟ ಎಂದರೆ ಒಪ್ಪೋಣ. ಮರಗಳ ನಡುವೆ ನುಸುಳಿ ಬೇಟೆ ಹಿಡಿಯುವ ಗೋಸ್‌ಹಾಕ್ ಕೂಡ ಹೆದ್ದಾರಿಯ ಮೇಲೇ ಕೆಂಪಾಗಿ ನಿಂತಿದ್ದರೆ ಮುಂದಿನ ಪುಟ ತಿರುಗಿಸುವ ಅಗತ್ಯ ಬೀಳುವುದಿಲ್ಲ.

ಸರಿಪಡಿಸುವ ದಾರಿ ಇದೆ. ಹೋಲಿಕೆಯ ಬಿಂದುಗಳನ್ನು ಎಲ್ಲೆಂದರಲ್ಲಿಂದ ಆರಿಸದೆ, ಪಕ್ಷಿವೀಕ್ಷಕರು ಬೇರೆ ಹಕ್ಕಿಗಳನ್ನು ದಾಖಲಿಸಿದ ಜಾಗಗಳಿಂದಲೇ ಆರಿಸಿ. ಆಗ ರಸ್ತೆಯ ಪಕ್ಷಪಾತ ತಕ್ಕಡಿಯ ಎರಡೂ ತಟ್ಟೆಗೆ ಬೀಳುತ್ತದೆ. ಒಂದು ಚೌಕಕ್ಕೆ ಒಂದೇ ದಾಖಲೆ ಉಳಿಸಿಕೊಳ್ಳಿ. ಇ-ಬರ್ಡ್‌ನಲ್ಲಿ ‘ಕಂಡದ್ದನ್ನೆಲ್ಲ ಬರೆದಿದ್ದೇನೆ’ ಎಂದು ಗುರುತು ಹಾಕಿದ ಪಟ್ಟಿಗಳಿರುತ್ತವೆ. ಅವುಗಳಲ್ಲಿ ಒಂದು ಹಕ್ಕಿಯ ಹೆಸರಿಲ್ಲ ಎಂದರೆ ಅದು ಕಾಣಲಿಲ್ಲ ಎಂದರ್ಥ. ಅಂಥ ಪಟ್ಟಿಗಳು ಸಾಕಷ್ಟು ಸಿಕ್ಕರೆ ಮ್ಯಾಕ್ಸೆಂಟ್ ಬಿಟ್ಟು, ಕಂಡ-ಕಾಣದ ಎರಡನ್ನೂ ಬಳಸುವ ವಿಧಾನಕ್ಕೇ ಹೋಗಿ.

ಇನ್ನು ಎಯುಸಿ. ಅಧ್ಯಯನದ ಗಡಿಯನ್ನು ಸುಮ್ಮನೆ ಹಿಗ್ಗಿಸಿ, ಆ ಹಕ್ಕಿ ಎಂದೂ ಸುಳಿಯದ ಮರಳುಗಾಡನ್ನೋ ಹಿಮಶಿಖರವನ್ನೋ ಒಳಗೆ ಸೇರಿಸಿ ನೋಡಿ, ಅಂಕ ತಾನಾಗಿ ಏರುತ್ತದೆ. ಪರೀಕ್ಷೆ ಹೀಗಿರಲಿ: ಪ್ರದೇಶವನ್ನು ದೊಡ್ಡ ತುಂಡುಗಳಾಗಿ ಒಡೆದು, ಕೆಲವು ತುಂಡುಗಳ ದಾಖಲೆಗಳಿಂದ ತಂತ್ರಾಂಶಕ್ಕೆ ಕಲಿಸಿ, ದೂರದ ಬೇರೆ ತುಂಡಿನಲ್ಲಿ ಪರೀಕ್ಷಿಸಿ. 0.93 ಇದ್ದದ್ದು 0.70ಕ್ಕೆ ಇಳಿದರೆ ಪ್ರಬಂಧದಲ್ಲಿ 0.70 ಎಂದೇ ಬರೆಯಿರಿ. ಗೈಡ್ ಮುಖ ಸಪ್ಪಗಾದೀತು, ಆಗಲಿ.

ವಲಸೆ ಹಕ್ಕಿಗಳಿದ್ದರೆ ಋತುವನ್ನೂ ಬೇರ್ಪಡಿಸಿ. ಕಜಾಕಿಸ್ತಾನದ ಹುಲ್ಲುಬಯಲಲ್ಲಿ ಮರಿ ಮಾಡಿ ಚಳಿಗಾಲಕ್ಕೆ ಭಾರತಕ್ಕೋ ಆಫ್ರಿಕಾಕ್ಕೋ ಬರುವ ಪ್ಯಾಲಿಡ್ ಹ್ಯಾರಿಯರ್‌ನ ಎರಡೂ ಕಡೆಯ ದಾಖಲೆ ಬೆರೆಸಿದರೆ, ಯಾವ ಊರಿಗೂ ಸಲ್ಲದ ಹವಾಮಾನವೊಂದು ಹುಟ್ಟುತ್ತದೆ.

ಪ್ರಶ್ನೆ: ನಕ್ಷೆಯಲ್ಲಿ ರಣಹದ್ದಿಗೆ ‘ಅತ್ಯಂತ ಯೋಗ್ಯ’ ಎಂದು ತೋರಿಸಿದ ಕಡೆ ಒಂದು ಹಕ್ಕಿಯೂ ಇಲ್ಲ. ನಕ್ಷೆ ತಪ್ಪಲ್ಲವೇ?

ಉತ್ತರ: ತಪ್ಪಾಗಿರಲೇಬೇಕೆಂದಿಲ್ಲ. ಗೂಡಿಗೆ ಬಂಡೆ, ಬಯಲು, ಮೇಲೇರಿ ತೇಲಲು ಬಿಸಿಗಾಳಿ ಎಲ್ಲ ಚೆನ್ನಾಗಿಯೇ ಇರಬಹುದು. ಸತ್ತ ದನದ ಮಾಂಸದಲ್ಲಿದ್ದ ಡೈಕ್ಲೋಫೆನಾಕ್ ಯಾವ ಉಪಗ್ರಹ ಚಿತ್ರದಲ್ಲೂ ಕಾಣುವುದಿಲ್ಲ. ನೋವಿಗೆಂದು ದನಕ್ಕೆ ಕೊಡುತ್ತಿದ್ದ ಈ ಔಷಧ ಸೇರಿದ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಯೂರಿಕ್ ಆಮ್ಲ ಸುಣ್ಣದ ಪುಡಿ ಬಳಿದಂತೆ ಒಳಗಿನ ಅಂಗಗಳ ಮೇಲೆ ಕಟ್ಟಿಕೊಳ್ಳುತ್ತದೆ. ಕಾರಣ ಪತ್ತೆಯಾಗಿ ಪ್ರಕಟವಾದದ್ದು 2004ರಲ್ಲಿ. ಭಾರತದಲ್ಲಿ ಪಶುಗಳಿಗೆ ಇದರ ಬಳಕೆ ನಿಷೇಧವಾದದ್ದು 2006ರಲ್ಲಿ. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದಿನ ಸಂಖ್ಯೆ ಭಾರತದಲ್ಲಿ ಶೇ. 99ಕ್ಕೂ ಹೆಚ್ಚು ಕುಸಿದಿತ್ತು.

ಪೆರೆಗ್ರಿನ್ ಫಾಲ್ಕನ್‌ ಕಥೆಯೂ ಇದೇ ಜಾತಿಯದು. ಅದು ಗೂಡು ಮಾಡುವ ಬಂಡೆಗಳನ್ನು ಯಾರೂ ಒಡೆದಿರಲಿಲ್ಲ. ಡಿಡಿಟಿ ಎಂಬ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಕಾವಿಗೆ ಕೂತ ಹಕ್ಕಿಯ ಭಾರಕ್ಕೇ ಒಡೆಯುತ್ತಿತ್ತು. ಚಿಪ್ಪು ತೆಳುವಾದದ್ದನ್ನು ಬ್ರಿಟನ್ನಿನಲ್ಲಿ ಡೆರೆಕ್ ರ‍್ಯಾಟ್‌ಕ್ಲಿಫ್ 1967ರಲ್ಲಿ ತೋರಿಸಿಕೊಟ್ಟರು.

ಹಾಗಾಗಿ ‘ಯೋಗ್ಯ, ಆದರೆ ಖಾಲಿ’ ಎಂಬ ಚೌಕವೇ ನಿಮ್ಮ ನಕ್ಷೆಯ ಬೆಲೆಬಾಳುವ ಭಾಗ. ಅಲ್ಲಿಗೆ ಹೋಗಿ ವಿಷ, ವಿದ್ಯುತ್ ತಂತಿ, ಆಹಾರದ ಕೊರತೆ ಯಾವುದಿದೆ ಎಂದು ವಿಚಾರಿಸಿ. ಲ್ಯಾಪ್‌ಟಾಪಿನ ಮುಂದೆ ಕೂತು ಉತ್ತರ ಸಿಗುವ ಪ್ರಶ್ನೆಯಲ್ಲ ಇದು.

ಪ್ರಶ್ನೆ: ಒಂದೊಂದು ಪ್ರಭೇದದ ನಕ್ಷೆಯನ್ನೂ ಒಂದರ ಮೇಲೊಂದು ಪೇರಿಸಿದರೆ ವೈವಿಧ್ಯದ ನಕ್ಷೆ ಸಿಕ್ಕಂತಲ್ಲವೇ?

ಉತ್ತರ: ಪ್ರಭೇದಗಳ ಸಂಖ್ಯೆಯ ಅಂದಾಜು ಸಿಗುತ್ತದೆ, ಅದೂ ಸಾಮಾನ್ಯವಾಗಿ ಉಬ್ಬಿಕೊಂಡು. ಪ್ರತಿ ನಕ್ಷೆಯನ್ನೂ ಮೊದಲು ‘ಇದೆ’, ‘ಇಲ್ಲ’ ಎಂದು ಕತ್ತರಿಸಿ ಆಮೇಲೆ ಕೂಡಿದರೆ ಉಬ್ಬು ಹೆಚ್ಚು. ಸಂಭಾವ್ಯತೆಗಳನ್ನು ಹಾಗೇ ಕೂಡುವುದು ವಾಸಿ, ಆದರೆ ಅವು ನಿಜವಾದ ಸಂಭಾವ್ಯತೆಗಳಾಗಿರಬೇಕು. ಮ್ಯಾಕ್ಸೆಂಟ್ ಕೊಡುವ ಅಂಕ ಅದಲ್ಲ, ಬರೀ ತುಲನೆಯ ಅಂಕ.

ಸಂಖ್ಯೆಯೇ ವೈವಿಧ್ಯವೂ ಅಲ್ಲ. ನೂರು ಹಕ್ಕಿ, ಆರು ಪ್ರಭೇದ ಇರುವ ಎರಡು ಜಾಗ ಊಹಿಸಿಕೊಳ್ಳಿ. ಮೊದಲನೆಯದರಲ್ಲಿ 95 ಕಪ್ಪು ಹದ್ದು, ಉಳಿದ ಐದು ಪ್ರಭೇದ ಒಂದೊಂದೇ. ಎರಡನೆಯದರಲ್ಲಿ ಆರೂ ಹೆಚ್ಚುಕಡಿಮೆ ಸಮ. ಪ್ರಭೇದಗಳ ಸಂಖ್ಯೆ, ಅವುಗಳ ಪಾಲು ಎರಡನ್ನೂ ಅಳೆಯುವ ಶಾನನ್ ಸೂಚ್ಯಂಕವನ್ನು ‘ಪರಿಣಾಮಕಾರಿ ಪ್ರಭೇದ ಸಂಖ್ಯೆ’ಗೆ, ಎಂದರೆ ಸಮಪಾಲಿನ ಎಷ್ಟು ಪ್ರಭೇದಗಳಿಗೆ ಸಾಟಿ ಎಂಬ ಸಂಖ್ಯೆಗೆ, ತಿರುಗಿಸಿದರೆ ಎರಡನೆಯದಕ್ಕೆ 6ರ ಹತ್ತಿರ, ಮೊದಲನೆಯದಕ್ಕೆ ಬರೀ 1.3. ಕಸದ ರಾಶಿಯ ಮೇಲೆ ಸುತ್ತುವ ಹದ್ದುಗಳ ಹಿಂಡನ್ನು ‘ವೈವಿಧ್ಯದ ತಾಣ’ ಎಂದು ಬರೆಯುವವರು ಈ ಲೆಕ್ಕ ಒಮ್ಮೆ ಹಾಕಲಿ. ಇಷ್ಟಕ್ಕೂ ಹಗಲಿನ ಗಣತಿಯಲ್ಲಿ ಗೂಬೆ ಸಿಗುವುದೇ ಅಪರೂಪ. ಗೂಬೆಗಳನ್ನೂ ಸೇರಿಸಿ ಜಗತ್ತಿನ 557 ಬೇಟೆ ಹಕ್ಕಿ ಪ್ರಭೇದಗಳನ್ನು ಪರಿಶೀಲಿಸಿದ 2018ರ ಅವಲೋಕನದ ಪ್ರಕಾರ ಅವುಗಳಲ್ಲಿ ಶೇ. 52ರ ಸಂಖ್ಯೆ ಇಳಿಯುತ್ತಿದೆ.

ಪ್ರಶ್ನೆ: ಇಷ್ಟೆಲ್ಲ ದೋಷ ಹೇಳುತ್ತೀರಿ. ಈ ನಕ್ಷೆಗಳಿಂದ ಯಾರಿಗಾದರೂ ಉಪಯೋಗವಾಗಿದೆಯೇ?

ಉತ್ತರ: ಆಗಿದೆ. ಫಿಲಿಪೈನ್ ಹದ್ದು ಲುಜಾನ್, ಸಮಾರ್, ಲೈಟೆ, ಮಿಂಡನಾವೊ ದ್ವೀಪಗಳ ಕಾಡಿನಲ್ಲಿ ಮಾತ್ರ ಇರುವ ಹಕ್ಕಿ. ಅದನ್ನು ಒಂದೊಂದಾಗಿ ಎಣಿಸುವುದು ಅಸಾಧ್ಯದ ಮಾತು. ಯೋಗ್ಯ ಆವಾಸದ ನಕ್ಷೆ ಮಾಡಿ, ಒಂದು ಜೋಡಿಗೆ ಎಷ್ಟು ಕಾಡು ಬೇಕೆಂಬ ಲೆಕ್ಕದಿಂದ ಭಾಗಿಸಿ, ಸುಮಾರು 392 ಜೋಡಿಗಳಿಗೆ ಜಾಗವಿದೆ ಎಂಬ ಅಂದಾಜನ್ನು 2023ರಲ್ಲಿ ಪ್ರಕಟಿಸಿದರು. ಗಾಳಿಯಂತ್ರ ಎಲ್ಲಿ ನಿಲ್ಲಿಸಬಾರದು ಎಂದು ಮೊದಲೇ ತಿಳಿಯಲೂ ಇಂಥ ನಕ್ಷೆ ಬೇಕು. ಕ್ಯಾಲಿಫೋರ್ನಿಯಾದ ಆಲ್ಟಮಾಂಟ್ ಕಣಿವೆಯಲ್ಲಿ ಯಂತ್ರ ನೆಟ್ಟ ಮೇಲೆ ಚಿನ್ನದ ಹದ್ದುಗಳು ಯಂತ್ರಗಳ ರೆಕ್ಕೆಗೆ ಸಿಕ್ಕಿ ಸಾಯುತ್ತಿರುವುದು ಗೊತ್ತಾಯಿತು.

ಪ್ರಶ್ನೆ: ಗೂಡುಗಳ ಜಿಪಿಎಸ್ ಬಿಂದುಗಳನ್ನು ನಕ್ಷೆಯ ಜೊತೆ ಪ್ರಕಟಿಸಬಹುದೇ?

ಉತ್ತರ: ಬೇಡ. ಮರಿ ಕದಿಯುವವರೂ ನಕ್ಷೆ ಓದಬಲ್ಲರು. ಇ-ಬರ್ಡ್ ಕೂಡ ಕೆಲವು ಸೂಕ್ಷ್ಮ ಪ್ರಭೇದಗಳ ನಿಖರ ಜಾಗವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ. ದೊಡ್ಡ ಚೌಕಗಳ ನಕ್ಷೆ ಅಚ್ಚಿಗೆ ಕೊಡಿ. ಬಿಂದುಗಳ ಕಡತ ನಿಮ್ಮ ಬಳಿ ಮತ್ತು ಅರಣ್ಯ ಇಲಾಖೆಯವರ ಬಳಿ ಇದ್ದರೆ ಸಾಕು.