ಪೈಲಟ್ ಅಲ್ಲದವರು ಏರ್ ಮಾರ್ಷಲ್ ಆಗಿದ್ದು ಹೇಗೆ?

ಪ್ರಶ್ನೆ: ಪದ್ಮಾ ಬಂದೋಪಾಧ್ಯಾಯ ನಮ್ಮ ವಾಯುಪಡೆಯ ಮೊದಲ ಮಹಿಳಾ ಏರ್ ಮಾರ್ಷಲ್ ಅಂತ ಓದಿದೆ. ಆದರೆ ಅವರು ಡಾಕ್ಟರ್. ಆಸ್ಪತ್ರೆಯಲ್ಲಿ ಕೂತವರಿಗೆ ಸುಮ್ನೆ ಕೊಡೋ ಪದವಿ ಅದು ಅಂತ ನಮ್ಮಣ್ಣ ಹೇಳ್ತಾನೆ. ನಿಜವಾ? ನನಗೂ ಸೇನೆಯಲ್ಲಿ ಡಾಕ್ಟರ್ ಆಗೋ ಆಸೆ ಇದೆ, ಏನು ಮಾಡಬೇಕು?
– ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಏರ್ ಮಾರ್ಷಲ್ ಅಂದರೆ ವಾಯುಪಡೆಯ ಅತಿ ಹಿರಿಯ ಪದವಿಗಳಲ್ಲಿ ಒಂದು. ನಿಮ್ಮಣ್ಣ ಹೇಳಿದ್ದು ಸರಿಯಲ್ಲ. ಆದರೆ ಹೀಗೆ ಅಂದುಕೊಂಡವರು ಬಹಳ ಜನ ಇದ್ದಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪದ್ಮಾ ಹುಟ್ಟಿದ್ದು 1944ರಲ್ಲಿ, ತಿರುಪತಿಯ ತಮಿಳು ಕುಟುಂಬದಲ್ಲಿ. ಬೆಳೆದದ್ದು ದೆಹಲಿಯ ಗೋಲ್ ಮಾರ್ಕೆಟ್‌ನಲ್ಲಿ. ಅಮ್ಮನಿಗೆ ಕ್ಷಯ. ಇನ್ನೂ ಪುಟ್ಟ ಹುಡುಗಿಯಾಗಿದ್ದಾಗಲೇ ಅಮ್ಮನ ಆರೈಕೆ ಇವರ ತಲೆ ಮೇಲೆ ಬಂತು. ಎದುರು ಮನೆಯಲ್ಲಿ ಇದ್ದವರು ಲೇಡಿ ಹಾರ್ಡಿಂಜ್ ಕಾಲೇಜಿನ ಪ್ರೊಫೆಸರ್, ದೇಶದ ಮೊದಲ ಮಹಿಳಾ ಹೃದ್ರೋಗ ತಜ್ಞೆ ಡಾ. ಪದ್ಮಾವತಿ. ತನ್ನದೇ ಹೆಸರಿನ ಡಾಕ್ಟರನ್ನು ದಿನಾ ನೋಡುತ್ತಾ ಬೆಳೆದ ಹುಡುಗಿಗೆ ಬೇರೆ ಕನಸು ಹೇಗೆ ಬಿದ್ದೀತು? 1963ರಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಅಂದರೆ ಎಎಫ್‌ಎಂಸಿ ಸೇರಿದರು. 1968ರಲ್ಲಿ ವಾಯುಪಡೆಗೆ ಬಂದರು.

ಈಗ ನಿಮ್ಮಣ್ಣನ ಮಾತಿಗೆ ಬರೋಣ. ಪದ್ಮಾ ಅವರ ವಿಷಯ ವೈಮಾನಿಕ ವೈದ್ಯಕೀಯ, ಅಂದರೆ ಹಾರಾಟದಲ್ಲಿ ಮೈಗೆ ಏನಾಗುತ್ತದೆ ಅಂತ ನೋಡಿಕೊಳ್ಳುವ ವೈದ್ಯಶಾಸ್ತ್ರ. ಅದರಲ್ಲಿ ತಜ್ಞೆಯಾದ ಮೊದಲ ಭಾರತೀಯ ಮಹಿಳೆ ಅವರೇ. ಯುದ್ಧವಿಮಾನ ಜೋರಾಗಿ ತಿರುಗಿದಾಗ ಪೈಲಟ್‌ನ ತಲೆಯಲ್ಲಿರೋ ರಕ್ತ ಕಾಲಿನ ಕಡೆ ಇಳಿಯುತ್ತದೆ. ಮೊದಲು ಬಣ್ಣ ಮಾಸುತ್ತದೆ, ಆಮೇಲೆ ಕಣ್ಣು ಕತ್ತಲಾಗುತ್ತದೆ, ಇನ್ನೂ ಮುಂದುವರಿದರೆ ಪ್ರಜ್ಞೆಯೇ ಹೋಗುತ್ತದೆ. ಅದಕ್ಕೇ ಕಾಲು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು, ದಮ್ಮು ಕಟ್ಟಿ, ಚಿಕ್ಕ ಚಿಕ್ಕದಾಗಿ ಉಸಿರಾಡೋದನ್ನು ಪೈಲಟ್‌ಗಳಿಗೆ ಕಲಿಸುತ್ತಾರೆ. ಎತ್ತರಕ್ಕೆ ಹೋದಾಗ ಆಮ್ಲಜನಕ ಕಡಿಮೆಯಾಗೋದು ಇನ್ನೂ ಮೋಸದ್ದು. ಗಾಳಿಯ ಒತ್ತಡ ಇಳಿಸಿದ ಕೋಣೆಯಲ್ಲಿ ಕೂರಿಸಿ ಸುಲಭದ ಕೂಡೋ ಲೆಕ್ಕ ಬರೆಯಲು ಕೊಟ್ಟರೆ, ಅಕ್ಷರ ಸೊಟ್ಟಗಾಗುತ್ತಾ ಹೋಗುತ್ತದೆ, ಲೆಕ್ಕ ತಪ್ಪುತ್ತದೆ, ಆದರೆ ಬರೆಯುತ್ತಿರುವವನಿಗೆ ಮಾತ್ರ ತಾನು ಚೆನ್ನಾಗೇ ಇದ್ದೇನೆ ಅನಿಸುತ್ತಿರುತ್ತದೆ! ಇದನ್ನೆಲ್ಲ ಅರ್ಥ ಮಾಡಿಕೊಂಡ ಡಾಕ್ಟರ್ ಇಲ್ಲದೆ ವಾಯುಪಡೆ ನಡೆಯೋದು ಹೇಗೆ ಹೇಳಿ. ಇದನ್ನು ಕಲಿಸುವ, ಸಂಶೋಧನೆ ಮಾಡುವ ವಾಯುಪಡೆಯ ಸಂಸ್ಥೆ ಇರೋದು ನಮ್ಮ ಬೆಂಗಳೂರಿನ ವಿಮಾನಪುರದಲ್ಲೇ. 2019ರಲ್ಲಿ ಗಗನಯಾನಕ್ಕೆ ಪೈಲಟ್‌ಗಳನ್ನು ಆರಿಸುವಾಗ ಮೊದಲ ಸುತ್ತಿನ ತಪಾಸಣೆ ನಡೆದಿದ್ದೂ ಅಲ್ಲೇ.

ಇನ್ನು ಆಸ್ಪತ್ರೆಯಲ್ಲಿ ಕೂತವರು ಅನ್ನೋ ಮಾತು. 1971ರ ಯುದ್ಧದ ಹೊತ್ತಿಗೆ ಪದ್ಮಾ ಮತ್ತು ವಾಯುಪಡೆಯಲ್ಲೇ ಅಧಿಕಾರಿಯಾಗಿದ್ದ ಅವರ ಪತಿ ಸತೀನಾಥ್ ಇಬ್ಬರೂ ಪಂಜಾಬಿನ ಹಲ್ವಾರಾ ವಾಯುನೆಲೆಯಲ್ಲಿದ್ದರು. ಗಡಿಗೆ ಹತ್ತಿರದ ಜಾಗ ಅದು. ಆಗ ಮಾಡಿದ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರಿಗೂ ಒಂದೇ ಸಮಾರಂಭದಲ್ಲಿ ವಿಶಿಷ್ಟ ಸೇವಾ ಪದಕ ಸಿಕ್ಕಿತು. ಮುಂದೆ ಉತ್ತರ ಧ್ರುವ ಪ್ರದೇಶಕ್ಕೆ ಹೋಗಿ, ಮೈ ಚಳಿಗೆ ಒಗ್ಗುವುದು ಹೇಗೆ ಅಂತ ಸಂಶೋಧನೆ ಮಾಡಿದರು. 2004ರ ಅಕ್ಟೋಬರ್‌ನಲ್ಲಿ ಏರ್ ಮಾರ್ಷಲ್ ಆಗಿ ಇಡೀ ವಾಯುಪಡೆಯ ವೈದ್ಯಕೀಯ ವಿಭಾಗದ ಮುಖ್ಯಸ್ಥೆಯಾದರು. ಮೂವತ್ತಾರು ವರ್ಷ ದುಡಿದು ಗಳಿಸಿದ ಪದವಿ ಅದು, ನಿಮ್ಮಣ್ಣನಿಗೆ ಇದನ್ನು ಓದಿ ಹೇಳಿ. 2020ರಲ್ಲಿ ಪದ್ಮಶ್ರೀಯೂ ಬಂತು.

ಇದೇ ದಾರಿಯಲ್ಲಿ ನಡೆದ ಇನ್ನೊಬ್ಬರು ಲೆಫ್ಟಿನೆಂಟ್ ಜನರಲ್ ಮಾಧುರಿ ಕಾನಿಟ್ಕರ್, ಮಕ್ಕಳ ಮೂತ್ರಪಿಂಡದ ತಜ್ಞೆ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ. ತಾವು ಓದಿದ ಎಎಫ್‌ಎಂಸಿಗೇ ಡೀನ್ ಆದರು. ನೌಕಾಪಡೆಯ ಡಾಕ್ಟರ್ ಆರತಿ ಸರಿನ್ 2024ರಲ್ಲಿ ಮೂರೂ ಪಡೆಗಳ ವೈದ್ಯಕೀಯ ಸೇವೆಗೆ ಮುಖ್ಯಸ್ಥೆಯಾದ ಮೊದಲ ಮಹಿಳೆ.

ನೀವು ಮಾಡಬೇಕಾದ್ದು ಇಷ್ಟು. ಎಎಫ್‌ಎಂಸಿ ಸೇರಲೂ ನೀಟ್ ಬರೆಯಲೇಬೇಕು. ಒಳ್ಳೆ ಅಂಕ ಬಂದವರನ್ನು ಪುಣೆಗೆ ಕರೆಸಿ ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಮಾಡುತ್ತಾರೆ. ಓದು ಮುಗಿದ ಮೇಲೆ ಸೇನೆಯಲ್ಲಿ ಕೆಲಸ ಮಾಡುವುದು ಕಡ್ಡಾಯ, ಅದನ್ನು ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. ನೀಟ್ ಅರ್ಜಿ ಹಾಕಿದ್ದು ಮಾತ್ರ ಸಾಲದು, ಎಎಫ್‌ಎಂಸಿ ಬೇಕು ಅಂತ ಆಮೇಲೆ ಕೌನ್ಸೆಲಿಂಗ್ ವೆಬ್‌ಸೈಟಿನಲ್ಲಿ ಬೇರೆಯಾಗಿ ತಿಳಿಸಬೇಕು. ಕನ್ನಡಕ ಹಾಕುವವರಾದರೆ ದೃಷ್ಟಿಯ ನಿಯಮ ಏನಿದೆ ಅಂತ ಈಗಲೇ ನೋಡಿಕೊಳ್ಳಿ.