ಮದುವೆಗೆ ಬಂಗಾರ ಹಾಕಿದ್ದಾರೆ, ಹಾಗಾದ್ರೆ ಪಾಲು ಇಲ್ವಾ?

ಪ್ರಶ್ನೆ: ನಮ್ಮದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಅಪ್ಪ ದುಡಿದು ತೆಗೆದುಕೊಂಡ ಎರಡು ಎಕರೆ ಅಡಿಕೆ ತೋಟ ಇದೆ. ಹೋದ ವರ್ಷ ಅವರು ತೀರಿಕೊಂಡರು, ಉಯಿಲು ಬರೆದಿಟ್ಟಿಲ್ಲ. ಇಬ್ಬರು ಅಣ್ಣಂದಿರು "ನಿನಗೆ ಇಪ್ಪತ್ತು ಪವನ್ ಹಾಕಿ ಮದುವೆ ಮಾಡಿದ್ದೇವಲ್ಲ, ಇನ್ನೇನು ಪಾಲು" ಅಂತ ಒಂದು ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಪತ್ರ ಮಲಯಾಳದಲ್ಲಿದೆ, ನನಗೆ ಓದಲು ಬರುವುದಿಲ್ಲ. ದೊಡ್ಡಣ್ಣ ಗಲ್ಫ್‌ನಲ್ಲಿದ್ದಾನೆ, ಹಣಕ್ಕೆ ಕೊರತೆ ಇಲ್ಲ. ನಾನು ಬೀಡಿ ಕಟ್ಟುವವಳು, ವಕೀಲರಿಗೆ ಎಲ್ಲಿಂದ ಕೊಡಲಿ?
— ಹೆಸರು ಬೇಡ

ಉತ್ತರ: ಸಹಿ ಹಾಕಬೇಡಿ ತಂಗಿ. ಓದಲು ಬಾರದ ಕಾಗದಕ್ಕೆ ಯಾರು ಕೇಳಿದರೂ ಹಾಕಬೇಡಿ. ಅದು ಹಕ್ಕು ಬಿಡುಗಡೆ ಪತ್ರ ಇರಬೇಕು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಒಮ್ಮೆ ನೋಂದಣಿ ಆಗಿಬಿಟ್ಟರೆ, ಆಮೇಲೆ "ನನಗೆ ಗೊತ್ತಿರಲಿಲ್ಲ" ಅಂತ ಕೋರ್ಟಿನಲ್ಲಿ ಸಾಬೀತು ಮಾಡಲು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಅಪ್ಪನ ಸ್ವಂತ ದುಡಿಮೆಯ ಆಸ್ತಿ, ಉಯಿಲು ಇಲ್ಲ ಅಂದ್ರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದು ಇದೆ. ಹೆಣ್ಣುಮಕ್ಕಳಿಗೆ ಹಕ್ಕು ಬಂದದ್ದೇ 2005ರ ತಿದ್ದುಪಡಿಯಿಂದ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಆದರೆ ಅದು ಪಿತ್ರಾರ್ಜಿತ ಆಸ್ತಿಯ ವಿಷಯ, ನಿಮ್ಮದು ಬೇರೆ. ಎರಡು ಎಕರೆ ಅಂದ್ರೆ 200 ಸೆಂಟ್ಸ್. ಅಮ್ಮ, ಇಬ್ಬರು ಅಣ್ಣಂದಿರು, ನೀವು, ತಲಾ 50 ಸೆಂಟ್ಸ್. ಅಪ್ಪನ ತಾಯಿ ಇನ್ನೂ ಇದ್ದರೆ ಅವರಿಗೂ ಒಂದು ಪಾಲು ಹೋಗುತ್ತದೆ. ಮದುವೆಯ ಬಂಗಾರವನ್ನು ಇದರಲ್ಲಿ ಕಳೆಯಬೇಕು ಅಂತ ಕಾಯ್ದೆ ಎಲ್ಲೂ ಹೇಳಿಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯುವುದಾದರೆ ಅಣ್ಣಂದಿರಿಗೆ ಅಪ್ಪ ಮಾಡಿದ ಖರ್ಚನ್ನೂ ಹಿಡಿಯಬೇಕಲ್ವಾ?

ಅಣ್ಣನ ಹೆಸರಿನಲ್ಲಿ ತೀರ್ವೆ (ಭೂಕಂದಾಯ) ಕಟ್ಟಿಯಾಯಿತು, ಪೋಕ್ಕುವರವು (ಖಾತೆ ಬದಲಾವಣೆ) ಆಯಿತು ಅಂತ ಯಾರಾದರೂ ಹೇಳಿದರೆ ಹೆದರಬೇಡಿ. ವಿಲ್ಲೇಜ್ ಆಫೀಸಿನ ಆ ದಾಖಲೆ ತೀರ್ವೆ ವಸೂಲಿಗೆ ಇರುವುದು, ಅದರಿಂದ ನಿಮ್ಮ ಹಕ್ಕು ಹೋಗುವುದಿಲ್ಲ. ಅಲ್ಲಿಗೆ ಅರ್ಜಿ ಕೊಡುವುದಿದ್ದರೆ ಕನ್ನಡದಲ್ಲೇ ಬರೆಯಿರಿ, ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಕಾಲದಿಂದಲೂ ಇಲ್ಲಿನ ಕನ್ನಡಿಗರಾದ ನಮಗೆ ಆ ಹಕ್ಕು ಇದೆ.

ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವಾದದ್ದು ವಕೀಲರ ಮಾತು ಓದಿ. ಕಾನೂನು ಸಮಪಾಲು ಅನ್ನುತ್ತದೆ, ಆದರೆ ಕೋರ್ಟಿನ ಮೆಟ್ಟಿಲು ಹತ್ತಲು ಒಬ್ಬನ ಹತ್ತಿರ ಗಲ್ಫ್ ಹಣ ಇದ್ದು, ಇನ್ನೊಬ್ಬಳು ಬೀಡಿಯ ಕೂಲಿಯಲ್ಲಿ ಬಸ್ ಚಾರ್ಜಿಗೂ ಲೆಕ್ಕ ಹಾಕಬೇಕಾದರೆ ಆ ಸಮಪಾಲು ಕಾಗದದಲ್ಲೇ ಉಳಿಯುತ್ತದೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಇರುವುದೇ ನಿಮ್ಮಂಥವರಿಗೆ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ, ಉಚಿತವಾಗಿ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿ, ಇಲ್ಲವೇ ಕಾಸರಗೋಡಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆ ಪತ್ರದ ಒಂದು ಜೆರಾಕ್ಸ್, ಅಪ್ಪನ ಮರಣ ಪ್ರಮಾಣಪತ್ರ, ತೋಟದ ಆಧಾರದ (ಕ್ರಯಪತ್ರದ) ನಕಲು ಇದ್ದರೆ ಜೊತೆಗಿರಲಿ. ಸೀದಾ ಕೇಸ್ ಹಾಕಬೇಕಂತಿಲ್ಲ, ಅಣ್ಣಂದಿರನ್ನು ಲೋಕ ಅದಾಲತ್ತಿಗೆ, ಅಂದ್ರೆ ರಾಜಿ ಮಾಡಿಸುವ ಕಡೆಗೆ, ಕರೆಸಿ ಮಾತಾಡಿಸುತ್ತಾರೆ. ಅಲ್ಲಿ ಆದ ರಾಜಿ ಕೋರ್ಟಿನ ತೀರ್ಪಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಅಲ್ಲೂ ಪ್ರತಿಯೊಂದು ಸಾಲನ್ನು ಓದಿಸಿಕೊಂಡೇ ಒಪ್ಪಿ.

ಇನ್ನೊಂದು, ಇವತ್ತೇ ಅಮ್ಮನನ್ನು ಕೇಳಿ. ಅದೇ ಪತ್ರಕ್ಕೆ ಅವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರಾ? ಇಲ್ಲ ಅಂದ್ರೆ ಅವರನ್ನೂ ನಿಮ್ಮ ಜೊತೆ ಕರೆದುಕೊಂಡು ಹೋಗಿ, ಅವರ 50 ಸೆಂಟ್ಸ್ ಅವರದ್ದೇ.